ಬಾದಶಹನಿಗೆ ಹಿಡಿದ ಎಡೆ

ಹೋದ ತಿಂಗಳು ನಮ್ಮ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರ ನಿವೃತ್ತಿಯ ಊಟ ವಿಜಯಪುರದ ಹೊರವಲಯದ ಹೊಸ ಹೋಟೆಲಿನಲ್ಲಿತ್ತು. ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ, ನೀರು ಕೊಡುವುದಕ್ಕೂ ಮೊದಲು, ಟೈ ಕಟ್ಟಿದ ಸರ್ವರ್ ಒಬ್ಬ ಬಂದು ಎಲ್ಲರ ಮುಂದೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಇಟ್ಟು ಹೋದ. ಪಕ್ಕದಲ್ಲಿ ಕೂತಿದ್ದವರು ತಮ್ಮದನ್ನು ಹರಿದು ಒಳಗಿನ ಒದ್ದೆ ಟಿಶ್ಯೂ ತೆಗೆದು ಕೈ ಒರೆಸಿಕೊಂಡರು. ಲಿಂಬೆಯ ವಾಸನೆ ಬಂತು... ನಿಜವಾದ ಲಿಂಬೆಹಣ್ಣಿನದಲ್ಲ, ಬಚ್ಚಲು ತೊಳೆಯುವ ಔಷಧಿಗೆ ಬೆರೆಸುತ್ತಾರಲ್ಲ, ಆ ಲಿಂಬೆಯದು. ನಾನು ಸೆರಗನ್ನು ಮೂಗಿಗೆ ಹಿಡಿದೆ. ಏನಾಯಿತು ಎಂದು ಅವರು ಕೇಳಿದರು. ಏನಿಲ್ಲ, ಬಿಸಿಲು ಎಂದೆ.

ಬಿಸಿಲಲ್ಲ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಖಾನಾವಳಿ ಕಾಕು ನೆನಪಾಗುತ್ತಾಳೆ. ಅವಳ ಹಿಂದೆಯೇ ಒಂದು ಬಸ್ಸು, ಒಂದು ಗುಮ್ಮಟ, ಜರಿಯ ಪೇಟ ಸುತ್ತಿಕೊಂಡ ಬಿಳಿಯರ ಸಾಲು ಎಲ್ಲವೂ ಬರುತ್ತವೆ. ಇಷ್ಟು ವರ್ಷಗಳಾದರೂ ಆ ಹೇಸಿಗೆ ಇಳಿದಿಲ್ಲ.

ಜೋರಾಪುರ ಪೇಟೆಯಲ್ಲಿ ನಮ್ಮ ಮನೆಗೂ ಕಾಕುವಿನ ಖಾನಾವಳಿಗೂ ಒಂದೇ ಗೋಡೆ. ಅವಳು ರೊಟ್ಟಿ ಬಡಿಯುವ ಸದ್ದು ಕೇಳಿಯೇ ನಾನು ಏಳುತ್ತಿದ್ದದ್ದು. ಮುಂದಿನ ಕೋಣೆಯಲ್ಲಿ ಉದ್ದನೆಯ ಬೆಂಚುಗಳು, ಹಿಂದೆ ಒಲೆ. ಕೋರ್ಟು ಕಚೇರಿಗೆ ಬಂದ ಹಳ್ಳಿಯವರು, ಲಾರಿ ಡ್ರೈವರುಗಳು, ಕಾಲೇಜಿನ ಹುಡುಗರು, ಎಲ್ಲರೂ ಅವಳಲ್ಲಿ ಉಣ್ಣುತ್ತಿದ್ದರು. ಬಡಿಸುವುದಕ್ಕೆ ಅವಳು ಎಂದೂ ಹೊರಗೆ ಬಂದವಳಲ್ಲ. ಆದರೆ ಉಂಡವರು ತಮ್ಮ ತಾಟನ್ನು ತಾವೇ ಎತ್ತಿಕೊಂಡು ಬಂದು ಅವಳ ಒಲೆಯ ಪಕ್ಕದ ನೀರಿನ ಬೋಗುಣಿಯಲ್ಲಿ ಹಾಕಬೇಕು. ಅದು ಖಾನಾವಳಿಯ ಕಾನೂನು. ರೊಟ್ಟಿ ಬಡಿಯುತ್ತಲೇ ಅವಳು ಬರುವ ತಾಟನ್ನು ನೋಡುತ್ತಿದ್ದಳು, ತಂದವನ ಮುಖವನ್ನಲ್ಲ. ತಾಟಿನಲ್ಲಿ ಏನಾದರೂ ಉಳಿದಿತ್ತೋ, ಬಡಿಯುವ ಕೈ ನಿಲ್ಲುತ್ತಿತ್ತು.

"ಯಾಕೋ ಯಪ್ಪಾ, ನನ್ನ ರೊಟ್ಟಿಗಿ ಏನ ಆಗೇತಿ?"

"ಏನೂ ಆಗಿಲ್ಲ ಕಾಕು, ಹಸಿವಿ ಇದ್ದಿದ್ದಿಲ್ಲ."

"ಹಸಿವಿ ಇಲ್ಲಂದ್ರ ಮದಲ ಹೇಳಬೇಕಲೇ. ರೊಟ್ಟಿ ಸುಡೂಕಿ ನಾ, ನಿನ್ನ ಹೊಟ್ಟ್ಯಾಗ ಹೊಕ್ಕ ನೋಡೂಕಿ ಅಲ್ಲ. ಕುಂದರ ಅಲ್ಲೇ, ತಿಂದ ಹೋಗ."

ಮೀಸೆ ತಿರುವುವ ಗಂಡಸರು ಕೂಡ ಒಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಉಳಿದ ಅರ್ಧ ರೊಟ್ಟಿ ತಿಂದು ಹೋಗುವುದನ್ನು ನಾನು ಕಂಡಿದ್ದೇನೆ. ಅನ್ನ ಹಾಳಾಯಿತೆಂಬ ಸಂಕಟ ಅವಳಿಗೆ ಇರಲಿಲ್ಲ; ಬಾಗಿಲಲ್ಲಿ ಆಕಳು ಕಾಯುತ್ತಲೇ ಇರುತ್ತಿತ್ತು. ಬಿಟ್ಟು ಎದ್ದರೆ ಅವಳ ಕೈರುಚಿಯನ್ನೇ ಜರಿದಂತೆ, ಅಷ್ಟೇ. ತಾಟು ನೋಡಿ ಅವಳು ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಇವನು ಖಾರದ ಹಿಂಡಿ ಬಿಟ್ಟಿದ್ದಾನೆ, ಬಾಯಲ್ಲಿ ಹುಣ್ಣಾಗಿದೆ. ಅವನು ಮೊಸರು ಮುಟ್ಟಿಲ್ಲ, ರಾತ್ರಿ ಕುಡಿದಿದ್ದಾನೆ. ಮತ್ತೊಬ್ಬ ಎಲ್ಲವನ್ನೂ ಕೆದರಿ ಹಾಗೆಯೇ ತಂದಿದ್ದಾನೆ, ಮನೆಯಲ್ಲಿ ಜಗಳ ಆಡಿ ಬಂದಿದ್ದಾನೆ. ಹತ್ತರಲ್ಲಿ ಒಂಬತ್ತು ಸಲ ನಿಜವೇ ಇರುತ್ತಿತ್ತು. ಅವಳಿಗಂತೂ ಹತ್ತೂ ನಿಜ ಎಂಬ ಗರ್ವ.

ಆ ಬಸ್ಸು ತಂದ ಟೂರ್ ಮ್ಯಾನೇಜರ್ ಕೂಡ ಅವಳ ಪರೀಕ್ಷೆಯಲ್ಲಿ ಪಾಸಾಗಿಯೇ ಒಳಗೆ ಬಂದವನು. ನಮ್ಮ ಊರಿನವನೇ. ಗೋವಾದಲ್ಲಿ ಯಾವುದೋ ಟೂರ್ ಕಂಪನಿ ಸೇರಿ, ಕಪ್ಪು ಕನ್ನಡಕ ತಲೆಯ ಮೇಲೆ ಏರಿಸಿಕೊಂಡು, ಮೈಗೆಲ್ಲ ಸೆಂಟು ಹೊಡೆದುಕೊಂಡು ಬಂದಿದ್ದ. ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ಉಂಡ. ತಾಟನ್ನು ಬೆರಳಲ್ಲಿ ಒರೆಸಿ ಒರೆಸಿ ತಿಂದ. ಅದನ್ನು ತಂದು ಕಾಕುವಿನ ಮುಂದೆ ಹಿಡಿದು ಕೈ ಮುಗಿದ.

"ತಾಟ ನೋಡ ತಂಗಿ, ತೊಳದಿಟ್ಟಂಗ ಐತಿ," ಎಂದು ಕಾಕು ಸಂಜೆ ನನಗೆ ಹೇಳಿದಳು. "ಛಲೋ ಮನಷ್ಯಾ ಅದಾನ."

ಛಲೋ ಮನುಷ್ಯನ ಯೋಜನೆ ಹೀಗಿತ್ತು. ಚಳಿಗಾಲದಲ್ಲಿ ಗೋವಾದ ಬಂದರಿಗೆ ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಬರುತ್ತವೆ. ಹಡಗು ಅಲ್ಲಿ ನಿಂತಿರುವಾಗ ಜನ ಇಳಿದು ಒಳನಾಡು ನೋಡಿಕೊಂಡು ಮತ್ತೆ ಹಡಗು ಹತ್ತುತ್ತಾರೆ. ಇವನು ಅವರನ್ನು ಬಸ್ಸಿನಲ್ಲಿ ತಂದು, ಬೆಳಗಾವಿಯಲ್ಲಿ ಮಲಗಿಸಿ, ಬೆಳಗಾಗುತ್ತಲೇ ಅಥಣಿ, ತಿಕೋಟಾ ದಾಟಿಸಿ ವಿಜಯಪುರದ ಬಾದಶಹರ ಊರನ್ನು ತೋರಿಸಬೇಕು, ಮಧ್ಯಾಹ್ನ ರಾಜಭೋಜನ ಮಾಡಿಸಿ ಅದೇ ದಾರಿಯಲ್ಲಿ ವಾಪಸು ಒಯ್ಯಬೇಕು. ರಾಜಭೋಜನಕ್ಕೆ ಕಾಕು ಬೇಕಾಗಿದ್ದಳು. ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಒಬ್ಬರು ಬೇಕಾಗಿದ್ದರು; ಶಾಲೆಗೆ ರಜೆಯಿತ್ತು, ಹೊರಗಿನ ಜನರನ್ನು ನೋಡುವ ಆಸೆ ನನಗೂ ಇತ್ತು, ಒಪ್ಪಿದೆ.

ಮೊದಲನೆಯ ಬಸ್ಸು ಬಂದ ದಿನ ನಾನು ನನ್ನ ಊರನ್ನೇ ಗುರುತಿಸಲಾರದೆ ಹೋದೆ. ಇಳಿದವರಲ್ಲಿ ಹೆಚ್ಚಿನವರು ವಯಸ್ಸಾದವರು, ಮೊಣಕಾಲು ನೋವಿನವರು, ಬಿಸಿಲಿಗೆ ಮೂಗು ಕೆಂಪಾದವರು. ಅವರು ಕೆಟ್ಟವರಲ್ಲ. ನಗುತ್ತಿದ್ದರು, ಮಕ್ಕಳಿಗೆ ಕೈ ಬೀಸುತ್ತಿದ್ದರು, ಹೇಳಿದ ಕಡೆ ನೋಡುತ್ತಿದ್ದರು. ಅವರಿಗೆ ಏನು ತೋರಿಸಲಾಯಿತು ಎನ್ನುವುದೇ ಅಸಹ್ಯ. ಮ್ಯಾನೇಜರ್ ಕೋಲಿಗೆ ಕಟ್ಟಿದ ಕಿತ್ತಳೆ ಬಾವುಟ ಹಿಡಿದು ಮುಂದೆ ಓಡುತ್ತಿದ್ದ, ಅವರು ಕುರಿಮಂದೆಯಂತೆ ಹಿಂದೆ. ಗೋಳಗುಮ್ಮಟದ ಒಳಗೆ ಚಪ್ಪಾಳೆ ಹೊಡೆಸಿದ, ಹೊರಗೆ ಕರೆದ. ಇಬ್ರಾಹಿಂ ರೋಜಾದಲ್ಲಿ ನಾನು ಕಲ್ಲಿನ ಜಾಲಂಧ್ರದ ಬರಹ ತೋರಿಸಿ ಒಂದು ಮಾತು ಆಡುವಷ್ಟರಲ್ಲಿ ಸೀಟಿ ಊದಿದ. ಬಾರಾ ಕಮಾನನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸಿದ. ಕೇಳಿದರೆ ಒಂದೇ ಮಾತು: ಹಡಗು ತಪ್ಪುತ್ತದೆ. ನಡುನಡುವೆ ಮಿಂಚುವ ಬಟ್ಟೆಯ ರೆಡಿಮೇಡ್ ಪೇಟಗಳನ್ನು ಅವರ ತಲೆಗೆ ಇಟ್ಟು ಫೋಟೋ ಹೊಡೆಯುತ್ತಿದ್ದ. ಒಬ್ಬರ ಬೆವರಿನ ಪೇಟ ಇನ್ನೊಬ್ಬರ ತಲೆಗೆ. ಪ್ರತಿ ಜಾಗದಿಂದ ಹೊರಬೀಳುವಾಗ ಎಲ್ಲರ ಕೈಗೆ ಒಂದೊಂದು ಲಿಂಬೆ ಟಿಶ್ಯೂ. ಕಲ್ಲು ಮುಟ್ಟಿದ ಕೈ, ಮಕ್ಕಳ ಕೈ ಹಿಡಿದ ಕೈ, ಎಲ್ಲವನ್ನೂ ಅವರು ಉಜ್ಜಿ ಉಜ್ಜಿ ಒರೆಸಿಕೊಳ್ಳುತ್ತಿದ್ದರು.

ಆದರೆ ಇದೆಲ್ಲ ಊಟದ ಜಾಗದ ಮುಂದೆ ಏನೂ ಅಲ್ಲ.

ತಿಕೋಟಾ ರಸ್ತೆಯಲ್ಲಿ, ದ್ರಾಕ್ಷಿ ತೋಟವೊಂದರ ಅಂಚಿನಲ್ಲಿ, ಹೆಸರಿಲ್ಲದ ಒಂದು ಗುಮ್ಮಟವಿತ್ತು. ನಮ್ಮ ಸೀಮೆಯಲ್ಲಿ ಅಂಥವು ಹೊಲಕ್ಕೊಂದು. ಯಾವ ಸರದಾರನದೋ, ಯಾವ ರಾಣಿಯ ಮಗುವಿನದೋ, ಯಾರಿಗೂ ಗೊತ್ತಿಲ್ಲ. ಒಳಗೆ ಒಂದು ಗೋರಿ, ಸುತ್ತ ಕಲ್ಲಿನ ಕಟ್ಟೆ. ತೋಟದವನು ಅಲ್ಲಿ ದನಗಳ ಮೇವಿಗೆ ಜೋಳದ ಕಣಿಕೆ ಒಟ್ಟುತ್ತಿದ್ದ. ಮ್ಯಾನೇಜರ್ ಅದನ್ನು ಗುಡಿಸಿಸಿ, ಗೋರಿಯ ಮೇಲೆ ಬಂಗಾರ ಬಣ್ಣದ ಸ್ಯಾಟಿನ್ ಬಟ್ಟೆ ಹಾಸಿ, ಅದರ ಮೇಲೆ ದ್ರಾಕ್ಷಿ, ದಾಳಿಂಬೆ ಹಣ್ಣುಗಳ ರಾಶಿ ಹಾಕಿಸಿದ್ದ. ಸುತ್ತಲ ಕಟ್ಟೆಯ ಮೇಲೆ ಹಿತ್ತಾಳೆಯ ತಾಟುಗಳ ಸಾಲು. ಇದು ಬಾದಶಹನ ಖಾಸಗಿ ಭೋಜನಶಾಲೆ ಎಂದು ಅವರಿಗೆ ಹೇಳಲು ನನಗೆ ಹೇಳಿದ.

"ಗೋರಿ ಐತಲ್ರಿ ಅದು," ಎಂದೆ.

"ಅವರಿಗೇನ ಗೊತ್ತಾಗತೈತ್ರಿ ಅಕ್ಕಾರ?" ಎಂದು ಕಣ್ಣು ಮಿಟುಕಿಸಿದ.

ನಾನು ಹೇಳಲಿಲ್ಲ. ಅವನೇ ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ. ಸತ್ತವನ ಎದೆಯ ಮೇಲೆ ಹಣ್ಣಿನ ಅಂಗಡಿ ಹಾಕಿ ಇದು ಊಟದ ಮೇಜು ಎನ್ನುವ ಬಾಯಿಯನ್ನು ಅಂದು ಮೊದಲ ಸಲ ನೋಡಿದೆ... ಥೂ.

ಕಾಕು ಬೆಳಗಿನಿಂದ ದುಡಿದು ಬುಟ್ಟಿಗಟ್ಟಲೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮಾದಲಿ ಎಲ್ಲ ಮಾಡಿದ್ದಳು. ಬಬಲೇಶ್ವರದಲ್ಲಿರುವ ಅವಳ ತಮ್ಮ ಗಟ್ಟಿ ಮೊಸರಿನ ಗಡಿಗೆ ತಂದು, ತನ್ನ ಟಂಟಂ ಗಾಡಿಯಲ್ಲಿ ಎಲ್ಲವನ್ನೂ ಹೇರಿಕೊಂಡು ಬಂದಿದ್ದ. ಕಾಕು ತೋಟದ ಬೇವಿನ ಮರದ ಕೆಳಗೆ ನೀರಿನ ಬೋಗುಣಿ ಇಟ್ಟುಕೊಂಡು, ಇನ್ನು ತಾಟುಗಳು ಬರಲಿ ಎಂದು ಕೂತಳು. ಖಾನಾವಳಿಯಲ್ಲಿ ಕೂತ ಹಾಗೆಯೇ.

ಬಡಿಸಿದ ತಾಟುಗಳ ಮುಂದೆ ಅವರು ಸಾಲಾಗಿ ನಿಂತರು. ತಲೆ ಬಗ್ಗಿಸಿ ಫೋಟೋ ತೆಗೆದರು. ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡು ಮತ್ತೆ ಅಲ್ಲೇ ಇಟ್ಟರು. ಲಿಂಬೆ ಟಿಶ್ಯೂವಿನಲ್ಲಿ ಕೈ ಒರೆಸಿದರು. ಬಸ್ಸು ಹತ್ತಿದರು. ಬಸ್ಸಿನಲ್ಲಿ ಬ್ರೆಡ್ಡಿನ ಡಬ್ಬಿಗಳು ಕಾದಿದ್ದವು. ಹೊರಗಿನದನ್ನು ಏನೂ ತಿನ್ನಬಾರದು, ಫೋಟೋ ಮಾತ್ರ ಎಂದು ಅವರಿಗೆ ಮೊದಲೇ ಹೇಳಿ ತಂದಿದ್ದನಂತೆ. ನನಗಾಗಲಿ ಕಾಕುವಿಗಾಗಲಿ ಹೇಳುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಆಳುಗಳು ತುಂಬಿದ ತಾಟುಗಳನ್ನು ಹಾಗೆ ಹಾಗೆಯೇ ತಂದು ಬೇವಿನ ಮರದ ಕೆಳಗೆ ಇಟ್ಟರು.

ಕಾಕು ಒಂದು ತಾಟು ನೋಡಿದಳು. ಇನ್ನೊಂದು ನೋಡಿದಳು. ಎಲ್ಲವೂ ತುಂಬಿದ್ದವು. ಅವಳ ಮುಖ ಕಪ್ಪಿಟ್ಟಿತು. ಅವಳು ಎದ್ದು ಗುಮ್ಮಟದ ಬಾಗಿಲಿಗೆ ಹೋಗಿ ಇಣುಕಿ ನೋಡಿದಳು. ಬಂಗಾರ ಬಣ್ಣದ ಬಟ್ಟೆ ಹೊದ್ದ ಗೋರಿ, ಅದರ ಮೇಲೆ ಹಣ್ಣು. ತುಸು ಹೊತ್ತು ನಿಂತು ತಿರುಗಿ ಬಂದಾಗ ಅವಳ ಮುಖ ಬೇರೆಯೇ ಆಗಿತ್ತು.

"ಯವ್ವಾ, ಎಡಿ ಹಿಡದಾರಲ್ಲ ತಂಗಿ!"

ನನಗೆ ಅರ್ಥವಾಗಲಿಲ್ಲ.

"ಗೋರಿಗಿ ಗಲೀಫ ಹೊದಿಸ್ಯಾರ, ಹಣ್ಣ ಇಟ್ಟಾರ, ಕೈ ಸ್ವಚ್ಛ ಮಾಡಕೊಂಡ ಎಡಿ ಹಿಡದಾರ. ನಮ್ಮ ಮದಲಿನ ಬಾದಶಾ ಹಡಗಿನ್ಯಾಗ ಬಂದಾಂವ ಅಂತ ನಮ್ಮಜ್ಜ ಹೇಳತಿದ್ದ. ಇವರೂ ಹಡಗಿನ್ಯಾಗ ಬಂದಾರ. ಅವನ ಪೈಕಿ ಮಂದಿ ಇರಬೇಕ ನೋಡ. ತಮ್ಮ ಹಿರಿಯಾಗ ಎಡಿ ಹಿಡಿಯಾಕ ಏಳ ಸಮುದ್ರ ದಾಟಿ ಬಂದಾರ, ನಾ ಹುಚ್ಚಿ, ಉಣಲಿಲ್ಲ ಅಂತ ಸಿಟ್ಟಾಗಿದ್ನಿ!"

ಆ ಮುಖ ನೋಡಿದ ಮೇಲೆ ಇಲ್ಲವೆನ್ನುವ ಬಾಯಿ ಯಾರಿಗಿದೆ? ಹೌದು ಕಾಕು ಎಂದೆ. ಇವತ್ತು ಕೇಳಿದರೂ ಹೌದೆಂದೇ ಹೇಳುತ್ತೇನೆ. ಎಡೆ ಹಿಡಿದ ಅಡುಗೆ ಪ್ರಸಾದ. ಪ್ರಸಾದ ಹಂಚಬೇಕು. ಕಾಕು ತಮ್ಮನ ಟಂಟಂನಲ್ಲಿ ಎಲ್ಲವನ್ನೂ ಪೇಟೆಗೆ ತಂದು ಓಣಿಯ ಮನೆಮನೆಗೆ ಕೊಟ್ಟಳು. ಹಿಂದೂಗಳ ಮನೆಗೂ, ಮುಸಲ್ಮಾನರ ಮನೆಗೂ. ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಪಂಜಾ ದೇವರುಗಳಿಗೆ ಚೊಂಗೆಯ ಸಿಹಿ ಒಯ್ದು ಕೊಡುವವಳು ಅವಳು. ಬಾದಶಹನ ಎಡೆ ಎಂದರೆ ಯಾರಿಗೂ ವಿಚಿತ್ರವೆನಿಸಲಿಲ್ಲ. ಓಣಿಯೆಲ್ಲ ಕಣ್ಣಿಗೊತ್ತಿಕೊಂಡು ಉಂಡಿತು. ಅಂದಿನ ಆ ಊಟವೊಂದೇ ನನಗೆ ಆ ಪ್ರವಾಸದಲ್ಲಿ ಹೊಟ್ಟೆಗೆ ಹಿಡಿದದ್ದು.

ಸಂಕ್ರಮಣ ಕಳೆದ ಮೇಲೆ ಇನ್ನೊಂದು ಹಡಗು ಬರುತ್ತದೆ ಎಂದು ಸುದ್ದಿ ಬಂತು. ಕಾಕು ಸಂಭ್ರಮಕ್ಕೆ ಬಿದ್ದಳು. ಖಾನಾವಳಿಯ ಒಲೆ ನೂರು ಜನರ ಎಂಜಲಿನದು, ಬಾದಶಹನ ಎಡೆಗೆ ಆಗದು ಎಂದು ಹಿಂದಿನ ದಿನವೇ ಬಬಲೇಶ್ವರಕ್ಕೆ, ತವರಿಗೆ ಹೋದಳು. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಮಡಿಯಲ್ಲಿ, ಬಾಯಿಗೆ ಹನಿ ಚಹಾ ಕೂಡ ಹಾಕದೆ ಅಡುಗೆ ಮಾಡಿದಳಂತೆ. ಎಡೆಯ ಅಡುಗೆಯನ್ನು ಮಾಡುವವರು ರುಚಿ ನೋಡಬಾರದು. ಜೀವಮಾನವಿಡೀ ಅಂಗೈಗೆ ಹಾಕಿ ನೆಕ್ಕಿ ನೋಡದೆ ಪಲ್ಯ ಇಳಿಸಿದವಳಲ್ಲ, ಅವತ್ತು ಕೈ ಕಟ್ಟಿಕೊಂಡಳು. ನಾವೆಲ್ಲ ಖಾಲಾ ಎಂದು ಕರೆಯುವ ಓಣಿಯ ಮುಸಲ್ಮಾನ ಹೆಂಗಸಿನ ಹತ್ತಿರ ಲೋಬಾನದ ಧೂಪವನ್ನೂ ಇಸಿದುಕೊಂಡಿದ್ದಳು.

ನನಗೆ ಹೋಗುವ ಮನಸ್ಸಿರಲಿಲ್ಲ. ಆ ಮ್ಯಾನೇಜರನ ಮುಖ ನೋಡುವುದೇ ಬೇಡವಾಗಿತ್ತು. ಆದರೂ ಹೋದೆ, ಅವನು ಎಲ್ಲಿ ಅವಳ ಮುಂದೆ ಬಾಯಿ ಬಿಡುತ್ತಾನೋ ಎಂಬ ಹೆದರಿಕೆಗೆ. ಅವನು ಅವಳಿಂದ ಎರಡು ಮಾರು ದೂರ ಇದ್ದರೆ ಸಾಕು ಎನ್ನುವುದೊಂದೇ ನನ್ನ ಬೇಡಿಕೆಯಾಗಿತ್ತು.

ಬಸ್ಸಿನವರು ಇಳಿದು ಗುಮ್ಮಟದ ಕಡೆ ಬರುವ ಹೊತ್ತಿಗೆ ಕಾಕು ಬಾಗಿಲಲ್ಲಿ ನಿಂತಿದ್ದಳು. ಇಳಕಲ್ಲ ಸೀರೆ, ಒದ್ದೆ ಕೂದಲ ಗಂಟು, ಕೈಯಲ್ಲಿ ಲೋಬಾನದ ಹೊಗೆ. ಅವರೆಲ್ಲ ಆಹಾ ಎಂದು ಕ್ಯಾಮೆರಾ ಎತ್ತಿದರು. ಕಾಕು ಅಂಗೈ ಅಡ್ಡ ಹಿಡಿದಳು.

"ಬೂಟ ತಗದ ಬರ್ರಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರಿಗೆ ಅದೂ ಕಾರ್ಯಕ್ರಮದ ಭಾಗವೆನಿಸಿ, ಒಬ್ಬರ ಹೆಗಲು ಒಬ್ಬರು ಹಿಡಿದು ಬೂಟು ಬಿಚ್ಚತೊಡಗಿದರು. ಒಬ್ಬ ಮುದುಕಿ, ಕಾಕುವಿನದೇ ವಯಸ್ಸಿನವಳು, ಕಾಲುಚೀಲವನ್ನೂ ಕಳಚಿ ಬರಿಗಾಲಲ್ಲಿ ನಿಂತಳು. ಅಷ್ಟರಲ್ಲಿ ಹಿಂದಿನಿಂದ ಮ್ಯಾನೇಜರ್ ಬಾವುಟ ಬೀಸುತ್ತಾ ಬಂದ. ನಾಲ್ಕು ಜನ ಬೂಟಿನಲ್ಲೇ ಅವನ ಜೊತೆ ಒಳಗೆ ನುಗ್ಗಿ ಕಟ್ಟೆಯ ಮೇಲೆ ಕಾಲಿಟ್ಟು ಫೋಟೋಕ್ಕೆ ನಿಂತರು.

"ಏನ ನಡಸೀಯಬೇ? ಬೂಟ ಬಿಚ್ಚಿ, ಮತ್ತ ಹಾಕ್ಕೊಂಡ... ಹಡಗ ತಪ್ಪತೈತಿ!"

"ಎಡಿ ಹಿಡಿಯೂ ಮುಂದ ಕಾಲಾಗ ಬೂಟ ಇರಬಾರದಪಾ," ಎಂದಳು ಕಾಕು, ಸಮಾಧಾನದಿಂದಲೇ. "ನಿನ್ನ ಮಂದಿಗಿ ತಿಳಿಸಿ ಹೇಳ."

"ಯಾವ ಎಡಿ?"

"ಬಾದಶಾಗ ಇವರು ಹಿಡಿಯೂ ಎಡಿ."

ನಾನು ನಡುವೆ ಬರಲು ನೋಡಿದೆ. ಅವನಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ನಗತೊಡಗಿದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಬಾಯಿ ಮುಚ್ಚಿಕೊಳ್ಳಿ ಎಂದು ಎಷ್ಟು ಸನ್ನೆ ಮಾಡಿದರೂ ನನ್ನ ಕಡೆ ನೋಡಲಿಲ್ಲ.

"ಕಾಕು, ಎಡಿನೂ ಇಲ್ಲ ಗಿಡಿನೂ ಇಲ್ಲ. ನಿನ್ನ ಅಡಿಗಿ ಹೊಲಸ ಇರತೈತಿ, ಉಂಡ್ರ ಹೊಟ್ಟಿ ಕೆಡತೈತಿ ಅಂತ ಅವರು ಮುಟ್ಟಂಗಿಲ್ಲ. ಫೋಟೋ ತಗದ, ಬಸ್ಸಿನ್ಯಾಗ ಹೋಗಿ ಬ್ರೆಡ್ ತಿಂತಾರ. ಹ್ವಾದ ಸಲಾನೂ ಹಂಗ. ಅಕ್ಕಾರ ಹೇಳಿಲ್ಲೇನ?"

ಕಾಕು ನನ್ನ ಕಡೆ ತಿರುಗಿದಳು. ಲೋಬಾನದ ಹೊಗೆ ಅವಳ ಮುಖದ ಮುಂದೆ ಸುಳಿಯುತ್ತಿತ್ತು.

"ಖರೇ ಏನ ತಂಗಿ?"

ಅವಳು ಸೀದಾ ಕೇಳಿದಾಗ ನನಗೆ ಸುಳ್ಳು ಬರಲಿಲ್ಲ. ಖರೇ ಎಂದೆ.

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಲೋಬಾನದ ತಟ್ಟೆಯನ್ನು ನೆಲಕ್ಕಿಟ್ಟಳು. ಒಳಗೆ ಹೋದಳು. ಕಟ್ಟೆಯ ಮೇಲಿನ ಒಂದು ತಾಟನ್ನು ತೆಗೆದುಕೊಂಡು, ಗೋರಿಗೆ ಬೆನ್ನಾಗದ ಹಾಗೆ ಓರೆಯಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ರೊಟ್ಟಿ ಮುರಿದು ಉಣ್ಣತೊಡಗಿದಳು. ಬೆಳಗಿನಿಂದ ಉಪವಾಸವಿದ್ದ ಜೀವ. ಯಾರನ್ನೂ ನೋಡದೆ, ತಾಟನ್ನೇ ನೋಡುತ್ತ, ಗಬಗಬ ಉಂಡಳು.

ಮುಂದೆ ನಡೆದದ್ದನ್ನು ಬರೆಯುವುದಕ್ಕೇ ನನಗೆ ಹೇಸಿಗೆಯಾಗುತ್ತದೆ. ಅವರು ಚಪ್ಪಾಳೆ ತಟ್ಟಿದರು. ಒಬ್ಬ ಮಂಡಿಯೂರಿ ಕೂತು, ಅವಳ ಬಾಯಿಯ ಹತ್ತಿರ ಕ್ಯಾಮೆರಾ ತಂದು, ತುತ್ತು ಇಡುವುದನ್ನು, ಅಗಿಯುವುದನ್ನು, ಗಲ್ಲದ ಮೇಲೆ ಮೆತ್ತಿದ ಎಣ್ಣೆಯನ್ನು ತೆಗೆದ. ಕಾಕುವಿನ ಕಣ್ಣಿಂದ ನೀರು ಇಳಿಯುತ್ತಿತ್ತು. ಖಾರ, ಖಾರ ಎಂದು ಯಾರೋ ನಕ್ಕರು. ಬರಿಗಾಲಿನ ಆ ಮುದುಕಿ ಮಾತ್ರ ನಗಲಿಲ್ಲ. ನಿಧಾನಕ್ಕೆ ಬಂದು ಕಾಕುವಿನ ಪಕ್ಕ ಬಗ್ಗಿ, ಕೈ ಚಾಚಿದಳು. ಕಾಕು ಅವಳ ಕೈಗೆ ಒಂದು ಚೂರು ರೊಟ್ಟಿ, ಚೂರು ಎಣ್ಣೆಗಾಯಿ ಇಟ್ಟಳು. ಮುದುಕಿ ಅದನ್ನು ಬಾಯಿಯ ತನಕ ಒಯ್ದಿದ್ದಳು. ಮ್ಯಾನೇಜರ್ ನಡುವೆ ಬಂದು ನೋ ನೋ ಮೇಡಂ ಎಂದ. ಅವಳ ಗಂಡ ಆ ಚೂರನ್ನು ಬೆರಳುಗಳಿಂದ ಬಿಡಿಸಿಕೊಂಡು ಲಿಂಬೆ ಟಿಶ್ಯೂವಿನಲ್ಲಿ ಸುತ್ತಿ ಜೇಬಿಗೆ ಹಾಕಿದ. ಇನ್ನೊಂದು ಟಿಶ್ಯೂವಿನಿಂದ ಅವಳ ಅಂಗೈಯನ್ನು ಮಗುವಿಗೆ ಒರೆಸಿದಂತೆ ಒರೆಸಿದ. ಮುದುಕಿ ಏನೋ ಹೇಳಲು ಹೋದಳು, ಗುಂಪು ಅವಳನ್ನು ಬಸ್ಸಿನ ಕಡೆ ಎಳೆದುಕೊಂಡು ಹೋಯಿತು.

ಮ್ಯಾನೇಜರ್ ಹಲ್ಲು ಕಿರಿಯುತ್ತ ಬಂದ. "ಭಾರಿ ಆತ ಕಾಕು! ಭಾಳ ಸೇರೇತಿ ಅವರಿಗೆ. ಮುಂದಿನ ಸಲಾನೂ ಹಿಂಗ ಕುಂತ ಉಣಬೇಕ ನೋಡ," ಎಂದು, ಅವಳ ಕೈಗೂ ಒಂದು ಟಿಶ್ಯೂ ಕೊಟ್ಟ.

ಕಾಕು ತಾಟಿನ ಕೊನೆಯ ಚೂರನ್ನೂ ಬಳಿದು ತಿಂದು ಎದ್ದಳು. ಟಿಶ್ಯೂವನ್ನು ಮೂಸಿ ನೋಡಿದಳು. ಅದರಿಂದ, ಕಟ್ಟೆಯ ಮೇಲೆ ಮೂಡಿದ್ದ ಬೂಟಿನ ಮಣ್ಣನ್ನು ಒರೆಸಿದಳು. ಅಂಚಿನಿಂದ ಅಂಚಿನ ತನಕ. ಆಮೇಲೆ ಅದನ್ನು ಮಡಿಚಿ ಅವನ ಕೈಗೆ ವಾಪಸು ಕೊಟ್ಟು ಹೊರಗೆ ಬಂದಳು.

ವಾಪಸು ಬರುವಾಗ ಟಂಟಂನಲ್ಲಿ ತುಂಬಿದ ಪಾತ್ರೆಗಳ ನಡುವೆ ನಾವಿಬ್ಬರೂ ಕೂತಿದ್ದೆವು. ಅವಳ ತಮ್ಮ ಮುಂದೆ ಗಾಡಿ ಓಡಿಸುತ್ತಿದ್ದ. ಆ ಮ್ಯಾನೇಜರನನ್ನೂ ಅವನ ಕಂಪನಿಯನ್ನೂ ಬಾಯಿಗೆ ಬಂದಂತೆ ಬೈದೆ. ಕಾಕು ತಿಕೋಟಾ ರಸ್ತೆಯ ದ್ರಾಕ್ಷಿ ಪಡಗಳನ್ನು ನೋಡುತ್ತಾ ಕೂತಿದ್ದಳು. ಊರು ಹತ್ತಿರ ಬಂದ ಮೇಲೆ ಬಾಯಿ ತೆರೆದಳು.

"ಅವರು ಉಣಲಿಲ್ಲ, ಛಲೋನ ಆತ ಬಿಡ."

"ಯಾಕ ಕಾಕು?"

"ಪಲ್ಲೆಕ್ಕ ಉಪ್ಪ ಬಿದ್ದಿದ್ದಿಲ್ಲ."

ಅಷ್ಟೇ ಹೇಳಿದಳು. ರುಚಿ ನೋಡದೆ ಮಾಡಿದ ಅಡುಗೆ, ಉಪ್ಪು ಮರೆತಿದ್ದಳು. ನನಗೆ ತಡೆಯಲಾಗದೆ ಅಳು ಬಂತು. ಅವಳು ಸೆರಗಿನಿಂದ ನನ್ನ ಮೂಗು ಒರೆಸಿ, "ಹುಚ್ಚಿ ಅದಿ ನೋಡ ನೀ, ಸಾಲಿ ಕಲಸೂಕಿ ಹಿಂಗ ಅಳತಾರೇನ?" ಎಂದಳು.

ಓಣಿಯಲ್ಲಿ ಜನ ಬುಟ್ಟಿ ನೋಡಿ ಹೊರಗೆ ಬಂದರು. ಇವತ್ತೂ ಬಾದಶಹನ ಎಡೆ ಏನು ಕಾಕು ಎಂದು ಖಾಲಾ ಕೇಳಿದಳು. ಕಾಕು ಬುಟ್ಟಿಯನ್ನು ಕಟ್ಟೆಗೆ ಇಳಿಸಿದಳು.

"ಹೂನ್ರಿ, ಎಡೀನ. ಇವತ್ತ ನಾನ ಹಿಡದೇನಿ," ಎಂದಳು. ಉಪ್ಪು ತಂದು ಪಲ್ಯಕ್ಕೆ ಬೆರೆಸಿ ಮನೆಮನೆಗೆ ಹಂಚಿದಳು.

ಕಂಪನಿಯವರ ಪ್ರವಾಸ ನಿಲ್ಲಲಿಲ್ಲ, ಅಂಥವು ನಿಲ್ಲುವುದೂ ಇಲ್ಲ. ಮುಂದಿನ ಚಳಿಗಾಲಕ್ಕೆ ಯಾವಳೋ ಹೆಂಗಸನ್ನು ಸಿಂಗರಿಸಿ ಅದೇ ಗುಮ್ಮಟದಲ್ಲಿ ಕೂರಿಸಿ ಉಣ್ಣಿಸುತ್ತಾರೆ ಎಂದು ಕೇಳಿದೆ. ನಾನು ಆ ಕಡೆ ಕಾಲಿಡಲಿಲ್ಲ. ಕಾಕು ಖಾನಾವಳಿ ನಡೆಸುತ್ತಲೇ ಇದ್ದಳು. ಅದೇ ಒಲೆ, ಅದೇ ರೊಟ್ಟಿ. ಆದರೆ ತಾಟು ನೋಡುವುದನ್ನು ಬಿಟ್ಟಳು. ಮೊದಲು ನನಗೆ ಗೊತ್ತಾಗಲಿಲ್ಲ. ಯಾರು ಏನು ಬಿಟ್ಟರೂ ಅವಳ ಕೈ ನಿಲ್ಲುತ್ತಿರಲಿಲ್ಲ, ತಾಟು ಬೋಗುಣಿಗೆ ಬೀಳುತ್ತಿತ್ತು. ಒಂದು ದಿನ ನಾನು ಬೇಕೆಂದೇ ಅರ್ಧ ರೊಟ್ಟಿ ಬಿಟ್ಟು ತಾಟನ್ನು ಅವಳ ಮೂಗಿನ ಕೆಳಗೇ ಹಿಡಿದೆ. ಬೈಯಲಿ, ನನ್ನ ಹುಟ್ಟನ್ನೇ ಎತ್ತಿ ಬೈಯಲಿ ಎಂದು ಕಾದೆ... ಅವಳು ಆ ಅರ್ಧ ರೊಟ್ಟಿಯನ್ನು ಸುಮ್ಮನೆ ತೆಗೆದು ಆಕಳಿನ ಬುಟ್ಟಿಗೆ ಹಾಕಿದಳು.

"ಯಾಕ ಕಾಕು, ಬೈಯಲಿಲ್ಲ?"

"ತಾಟಿನ್ಯಾಗ ಏನ ತಿಳಿತೈತವಾ," ಎಂದಳು. "ಅಂವಾ ತೊಳದಿಟ್ಟಂಗ ಉಂಡಿದ್ದ."

ಅವಳು ಹೋಗಿ ಕೆಲವು ವರ್ಷಗಳಾದವು. ಎದೆಯಲ್ಲಿ ಕಫ ಕಟ್ಟಿತ್ತು, ಆಸ್ಪತ್ರೆಯಲ್ಲಿ ನಾಲ್ಕಾರು ದಿನ ಇದ್ದಳು, ಮಣ್ಣು ಬಬಲೇಶ್ವರದಲ್ಲಾಯಿತು. ಖಾನಾವಳಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನಮ್ಮ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದಿಲ್ಲದೆ ಏಳುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ. ಅವಳಿಲ್ಲ ಎನ್ನುವ ದುಃಖವನ್ನಾದರೂ ಹೇಗೋ ನುಂಗಿಕೊಳ್ಳಬಹುದು. ತನ್ನ ಕಣ್ಣನ್ನೇ ನಂಬದವಳಾಗಿ ಹೋದಳಲ್ಲ, ಅದನ್ನು ನುಂಗಲಾಗುವುದಿಲ್ಲ.

ಹೋಟೆಲಿನಲ್ಲಿ ಟಿಶ್ಯೂವನ್ನು ಹರಿಯದೆ ದೂರ ಸರಿಸಿ, ಮುಖ ತಿರುಗಿಸಿದೆ. ಎದುರಿನ ಗೋಡೆಯ ಮೇಲೆ ಅವಳಿದ್ದಳು.

ಆಳೆತ್ತರದ ಬಣ್ಣದ ಫೋಟೋ, ಬಂಗಾರದ ಚೌಕಟ್ಟು. ಇಳಕಲ್ಲ ಸೀರೆ, ಒದ್ದೆ ಕೂದಲ ಗಂಟು, ಬಾಯಿಗೆ ಒಯ್ದ ತುತ್ತು, ಕೆನ್ನೆಯ ಮೇಲೆ ನೀರು. ಹಿಂದೆ ಮಸುಕಾಗಿ ಬಂಗಾರ ಬಣ್ಣದ ಬಟ್ಟೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ರಾಜಭೋಜನದ ಸವಿ. ತಾಟು ತಂದಿಟ್ಟ ಸರ್ವರನನ್ನು, ಅವರು ಯಾರು ಎಂದು ಕೇಳಿದೆ.

"ಗೊತ್ತಿಲ್ರಿ ಮೇಡಂ. ರಾಜರ ಮನಿ ಅಡಿಗಿಯಾಕಿ ಅಂತ ಹೇಳ್ತಾರ್ರಿ. ಎಷ್ಟ ರುಚಿ ಹತ್ತೇತಿ ನೋಡ್ರಿ ಆಕಿಗಿ, ಕಣ್ಣಾಗ ನೀರ ಬಂದಾವ."

ತಾಟಿನಲ್ಲಿ ಜೋಳದ ರೊಟ್ಟಿಯಿತ್ತು, ಎಣ್ಣೆಗಾಯಿಯಿತ್ತು. ಒಂದು ಚೂರು ಮುರಿದು ಬಾಯಿಗಿಟ್ಟೆ. ಉಪ್ಪು ಸರಿಯಾಗಿತ್ತು. ಖಾರ ಸರಿಯಾಗಿತ್ತು. ಯಾರೋ ರುಚಿ ನೋಡಿಯೇ ಕಳಿಸಿದ್ದರು. ತುಂಬಿದ ತಾಟನ್ನು ಮುಂದಕ್ಕೆ ತಳ್ಳಿದೆ. ಉಳಿದವರು ಭಾಷಣ, ಹಾರ, ಫೋಟೋದ ಗದ್ದಲದಲ್ಲಿದ್ದರು.

ಸರ್ವರ್ ಬಂದ. "ಆತೇನ್ರಿ?" ಎಂದ. ಉತ್ತರಕ್ಕೆ ಕಾಯದೆ ತಾಟನ್ನು ಎತ್ತಿ, ಬೇರೆ ತಾಟುಗಳ ಮೇಲೆ ಇಟ್ಟುಕೊಂಡು ಹೋದ. ಅದರಲ್ಲಿ ಏನು ಉಳಿದಿದೆ ಎಂದು ಅವನು ನೋಡಲಿಲ್ಲ. ಗೋಡೆಯ ಮೇಲೆ ಕಾಕು ತನ್ನ ತಾಟನ್ನು ನೋಡುತ್ತಿದ್ದಳು.